ದೊಡ್ಡ ಗಾಡಿ ಅಣ್ಣಯ್ಯ

ಮಳೆ ಬಿಟ್ಟು ದೀಪಾವಳಿ ಕಳೆಯಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಗದ್ದೆಗಳು ಸಿದ್ಧವಾಗುತ್ತವೆ. ಅದರ ಬೆನ್ನಿಗೇ ಬೆಂಗಳೂರು, ಮುಂಬೈ, ಹೈದರಾಬಾದಿನಲ್ಲಿ ಹೋಟೆಲು ನಡೆಸುವ ಊರಿನವರೂ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಅವರಲ್ಲಿ ಊರಿಗೊಬ್ಬರಂತೆ ದೊಡ್ಡ ಗಾಡಿ ಅಣ್ಣಯ್ಯ ಇದ್ದೇ ಇರುತ್ತಾರೆ. ಅವರನ್ನು ಗುರುತಿಸುವುದು ಕಷ್ಟವಲ್ಲ. ಚಾ ಕುಡಿಯಲು ಕೂತರೆ ಗಾಡಿಯ ಕೀಲಿಕೈ ಮೇಜಿನ ಮೇಲೆ ಇರುತ್ತದೆ, ಕಂಪನಿಯ ಗುರುತು ಮೇಲ್ಮುಖವಾಗಿ. ಮಾಣಿ ಮೇಜು ಒರೆಸಲು ಬಂದಾಗ ಅದನ್ನು ಎತ್ತುತ್ತಾರೆ, ಒರೆಸಿ ಹೋದ ಮೇಲೆ ಮತ್ತೆ ಅದೇ ಮುಖ ಮೇಲೆ ಮಾಡಿ ಇಡುತ್ತಾರೆ.

ಗಾಡಿ ಬಿಎಂಡಬ್ಲ್ಯು ಎಕ್ಸ್5. ಕೊಂಡದ್ದು ಎಷ್ಟಕ್ಕೆ ಎಂದು ಅಣ್ಣಯ್ಯ ಎಂದೂ ಹೇಳುವುದಿಲ್ಲ. "ಹೊಸ್ತಕ್ಕೆ ಈಗ ಕೋಟಿ ಹತ್ರ ಹತ್ರ ಇತ್ತ್ ಮಾರಾಯ್ರೆ" ಎಂದಷ್ಟೇ ಹೇಳಿ ಉಳಿದದ್ದನ್ನು ಕೇಳುವವರ ಲೆಕ್ಕಕ್ಕೆ ಬಿಡುತ್ತಾರೆ. ಲೆಕ್ಕ ಬಲ್ಲವರಿಗೆ ಗೊತ್ತಿರುವ ಸಂಗತಿಯೇ ಬೇರೆ. 10 ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಎಷ್ಟೋ ಸಾಹುಕಾರರ ಗಾಡಿಗಳು ಎನ್‌ಒಸಿ ಪಡೆದು ಸಿಕ್ಕ ಬೆಲೆಗೆ ಬೇರೆ ರಾಜ್ಯಗಳ ದಾರಿ ಹಿಡಿದವು. ಹಾಗೆ ಹೊರಟದ್ದರಲ್ಲಿ ಒಂದು ಕೈಯಿಂದ ಕೈ ದಾಟಿ ಕೆಎ-20 ನಂಬರು ಹಾಕಿಕೊಂಡು ಅಣ್ಣಯ್ಯನ ಅಂಗಳಕ್ಕೆ ಬಂದು ನಿಂತಿದೆ.

ಕೊಡುವ ವಿಷಯದಲ್ಲಿ ಅಣ್ಣಯ್ಯ ಕೈ ಬಿಗಿ ಹಿಡಿದವರಲ್ಲ. ಹರಕೆ ಆಟ ಆಡಿಸುತ್ತಾರೆ, ಬ್ರಹ್ಮಕಲಶೋತ್ಸವಕ್ಕೆ ಬರೆಸುತ್ತಾರೆ, ಹುಡುಗರ ಕ್ರಿಕೆಟ್ ಪಂದ್ಯಕ್ಕೆ ಕಪ್ಪೂ ಅವರದೇ. ಆದರೆ ಟೈರಿನ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅವರೊಳಗಿನ ಹಳೆಯ ಕ್ಯಾಶಿಯರ್ ಎದ್ದು ಕೂರುತ್ತಾನೆ. ನಾಲ್ಕೂ ಸವೆದಿವೆ, ನಾಲ್ಕನ್ನೂ ಬದಲಿಸಿ ಎಂದರೆ ಅದು ಅಂಗಡಿಯವನ ವ್ಯಾಪಾರ ಎಂಬುದು ಅವರ ದೃಢ ನಂಬಿಕೆ. "ಹಿಂದಿನ ಎರಡ್ ಹಾಕಿ ಸಾಕ್. ಮುಂದಿನದ್ ಇನ್ನೊಂದ್ ಮಳೆಗಾಲ ಬತ್ತ್." ಹಾಕಿಸಿದ ಎರಡು ಕೂಡ ಬೇರೆ ಕಂಪನಿಯದ್ದು, ಸ್ವಲ್ಪ ಅಗ್ಗದ್ದು.

ಸ್ವಲ್ಪ ದಿನ ಏನೂ ಇಲ್ಲ. ಆಮೇಲೆ ದೇವಸ್ಥಾನದ ಎದುರು ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಗಾಡಿ ತಿರುಗಿಸುವಾಗ ಅಡಿಯಿಂದ ಗುದ್ದಿದ ಹಾಗೆ ಆಗುತ್ತದೆ. ಸಾಸ್ತಾನದ ಟೋಲಿನಲ್ಲಿ ನಿಂತು ಹೊರಡುವಾಗ ಜರ್ಕು. ಒಂದು ರಾತ್ರಿ ಆಟ ನೋಡಿ ಮನೆಗೆ ಬಂದು ಎಂಜಿನ್ ಆಫ್ ಮಾಡಿದ ಮೇಲೂ ಅಡಿಯಲ್ಲಿ ಏನೋ ಟಕಟಕ ಎನ್ನುತ್ತದೆ. ಮರುದಿನ ಬೆಳಿಗ್ಗೆ ಫೋರ್ ಬೈ ಫೋರ್, ಎಬಿಎಸ್ ಮತ್ತು ಜಾರದಂತೆ ಕಾಯುವ ವ್ಯವಸ್ಥೆಯ ಹಳದಿ ದೀಪಗಳು ಮೂರೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಅಲ್ಲಿಂದ ಊರಿನ ಪಂಡಿತರ ಸರದಿ. ಭಾವ, ಗೇರ್‌ಬಾಕ್ಸ್ ಹೋಯ್ತು ಎನ್ನುತ್ತಾರೆ. ಮರವಂತೆಯಲ್ಲಿ ಕಡಲ ಬದಿಗೆ ಗಾಡಿ ನಿಲ್ಲಿಸಿದ್ದಕ್ಕೆ ಉಪ್ಪುಗಾಳಿ ಹಿಡಿದು ವಯರಿಂಗ್ ಹಾಳಾಯಿತು ಎಂಬುದು ಗಂಗೊಳ್ಳಿಯಲ್ಲಿ ಬೋಟಿಗೆ ಎಂಜಿನ್ ಕೂರಿಸುವವರ ಮತ. ದೃಷ್ಟಿ ಆಗಿದೆ ಎಂದು ಅಮ್ಮ ಬಂಪರಿಗೆ ನಿಂಬೆಹಣ್ಣು ಕಟ್ಟಿಸುತ್ತಾರೆ. ಅಣ್ಣಯ್ಯನ ಮನಸ್ಸಿನಲ್ಲಿ ಮಾತ್ರ ಕಾಯಿಲೆ ಇರುವುದು ದೀಪದಲ್ಲಿ. ಸ್ಕ್ಯಾನರ್ ಇಟ್ಟುಕೊಂಡ ಹುಡುಗನೊಬ್ಬನನ್ನು ಹುಡುಕಿ, "ಆ ಲೈಟ್ ಒಂದ್ ತೆಗ್ದ್ ಕೊಡಿ ಮಾರಾಯ್ರೆ" ಎನ್ನುತ್ತಾರೆ. ಅವನು ತೆಗೆದುಕೊಡುತ್ತಾನೆ. ತಲ್ಲೂರು ದಾಟುವಷ್ಟರಲ್ಲಿ ಮೂರೂ ಮತ್ತೆ ಬಂದಿರುತ್ತವೆ.

ಕಡೆಗೆ ಗಾಡಿ ಹೆದ್ದಾರಿ ಬದಿಯ ಸಣ್ಣ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತುವುದೇ ಇಲ್ಲ. ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಗೀರುಗಳಿಗೆ ಅಳತೆಕಡ್ಡಿ ಇಳಿಸುತ್ತಾರೆ. ಹಿಂದೆ 8 ಮಿಲಿಮೀಟರ್, ಮುಂದೆ 3.

"ಅಣ್ಣಯ್ಯ, ನಾಕೂ ಒಂದೇ ಸಮ ಇಲ್ಲೆ ಕಾಣಿ."

"ಎರಡ್ ಹೊಸ್ತೇ ಅಲ್ದಾ?"

"ಅದೇ ತೊಂದ್ರಿ."

5 ಮಿಲಿಮೀಟರ್ ಎಂದರೆ ಅಕ್ಕಿಕಾಳಿನಷ್ಟು ಉದ್ದ, ಅದರಿಂದ ಏನಾದೀತು ಎಂದು ಅಣ್ಣಯ್ಯನಿಗೆ ಅನಿಸುತ್ತದೆ. ಮೇಸ್ತ್ರಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಾರೆ. 255/55 ಆರ್18 ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ತ್ರಿಜ್ಯ 5 ಮಿ.ಮೀ. ಕಡಿಮೆಯಾದರೆ ಸುತ್ತಿಗೆ 31 ಮಿ.ಮೀ. ಕಡಿಮೆ. ಕಿಲೋಮೀಟರಿಗೆ 430 ಚಿಲ್ಲರೆ ಸುತ್ತು. ಕುಂದಾಪುರದಿಂದ ಬೈಂದೂರಿಗೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್. ಎರಡೂ ಟೈರು ಅಷ್ಟೇ ಸುತ್ತು ತಿರುಗಿದರೆ ಹೊಸತು ಬೈಂದೂರು ಮುಟ್ಟುವಾಗ ಹಳೆಯದು ಇನ್ನೂ 400 ಮೀಟರ್ ಹಿಂದಿರಬೇಕು. ಆದರೆ ಎರಡೂ ಒಂದೇ ಗಾಡಿಗೆ ಕಟ್ಟಿದವು. "ಕಂಬಳದ ಕೋಣ ಕಂಡಿದ್ರಿ ಅಲ್ದಾ? ಒಂದ್ ಮುಂದೆ ಎಳ್ದ್, ಒಂದ್ ಹಿಂದೆ ಉಳ್ದ್ರೆ ಪೆಟ್ಟ್ ನೊಗಕ್ಕೆ."

ಇಲ್ಲಿ ನೊಗ ಎಂದರೆ ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವ ಈ ಪೆಟ್ಟಿಗೆ ಎಂಜಿನ್ನಿನ ಬಲವನ್ನು ನೇರ ಹಿಂದಿನ ಚಕ್ರಕ್ಕೆ ಕಳಿಸುತ್ತದೆ, ಒಂದು ಪಾಲನ್ನು ಸರಪಳಿಯ ಮೂಲಕ ಮುಂದಕ್ಕೆ ಕೊಡುತ್ತದೆ. ಮುಂದಕ್ಕೆ ಎಷ್ಟು ಎಂಬುದನ್ನು ಒಳಗಿನ ಹಲವು ಬಿಲ್ಲೆಗಳ ಕ್ಲಚ್ಚು ತೀರ್ಮಾನಿಸುತ್ತದೆ. ಆ ಬಿಲ್ಲೆಗಳನ್ನು ಒತ್ತುವುದು ಪುಟ್ಟ ಮೋಟಾರು. ಮುಂದಿನ ಚಕ್ರ ಬೇರೆ ವೇಗದಲ್ಲಿ ತಿರುಗಿದರೆ ಅದು ಜಾರುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಒಣ ಟಾರಿನ ಮೇಲೂ ಕ್ಲಚ್ಚನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಬಿಲ್ಲೆ ಬಿಸಿಯಾಗುತ್ತದೆ, ಎಣ್ಣೆ ಕರಿದಾಗುತ್ತದೆ, ಆ ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುತ್ತದೆ. ಎಂಜಿನ್ ಆಫಾದ ಮೇಲೆ ಕೇಳಿದ ಟಕಟಕ ಅದೇ. ಮೋಟಾರು ಆಗ ತನ್ನ ಅಳತೆ ತಾನೇ ನೋಡಿಕೊಳ್ಳುತ್ತದೆ, ಹಲ್ಲು ಮಾತ್ರ ಕಚ್ಚುವುದಿಲ್ಲ.

ಅನುಮಾನ ಉಳಿಯಬಾರದೆಂದು ಮೇಸ್ತ್ರಿ ಆ ಮೋಟಾರಿನ ವಯರು ಕಿತ್ತು ಅಂಗಳದಲ್ಲಿ ಎರಡು ಸುತ್ತು ಹೊಡೆಸುತ್ತಾರೆ. ದೀಪಗಳು ಉರಿಯುತ್ತಲೇ ಇವೆ, ಗುದ್ದು ಮಾಯ. ಗೇರ್‌ಬಾಕ್ಸಿನ ಮೇಲಿದ್ದ ಆರೋಪ ಅಲ್ಲಿಗೇ ಬಿದ್ದುಹೋಗುತ್ತದೆ. ಭಾವ ಮಾತ್ರ ಒಪ್ಪುವುದಿಲ್ಲ.

ಆ ಪೆಟ್ಟಿಗೆಗೆ ಬೇಕಾದ ಎಣ್ಣೆ ಸುಮಾರು ಒಂದು ಲೀಟರ್, ಅದಕ್ಕೂ ಕಡಿಮೆ. ಇಳಿಸಿದಾಗ ಬಂದದ್ದು ಅಮ್ಮನ ಮಣ್ಣಿನ ಬಾಣಲೆಯ ತಳದ ಬಣ್ಣ. ಬೆರಳಲ್ಲಿ ಉಜ್ಜಿದರೆ ಸಣ್ಣ ಮಿಂಚು. ಇದನ್ನು ಬದಲಿಸುವುದೇ ಬೇಡವಂತೆ ಎಂದು ಅಣ್ಣಯ್ಯ ಕೇಳಿದ್ದರು, ಆ ಮಾತು ಅವರಿಗೆ ತುಂಬಾ ಹಿತವಾಗಿತ್ತು. ಹೊಸ ಎಣ್ಣೆ, ಹೊಸ ಗೇರು ಕೂರಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ಎಣ್ಣೆ ಬದಲಾಗಿದೆ ಎಂದು ಗಾಡಿಗೆ ತಿಳಿಸಬೇಕು, ಮೋಟಾರಿಗೆ ಅಳತೆ ಹೊಸದಾಗಿ ಕಲಿಸಬೇಕು. "ಎಣ್ಣೆ ಹೊಯ್ದದ್ದಕ್ಕೂ ಅದಕ್ಕೆ ವರದಿ ಕೊಡುಕಾ?" ಎಂದು ಅಣ್ಣಯ್ಯ ಬೆರಗಾಗುತ್ತಾರೆ. ತಮ್ಮ ಹೋಟೆಲಿನ ಜಿಎಸ್‌ಟಿ ಲೆಕ್ಕದ ನೆನಪಾಗಿರಬೇಕು.

ಈ ಜ್ಞಾನಕ್ಕಾಗಿ ಅವರು ಅಷ್ಟು ಖರ್ಚು ಮಾಡಬೇಕಿರಲಿಲ್ಲ. ಕೊಲ್ಲೂರಿಗೆ ಹೋಗಿ ಕೊಡಚಾದ್ರಿ ಹತ್ತುವ ಜೀಪಿನಲ್ಲಿ ಮುಂದಿನ ಸೀಟಿಗೆ ಕೂತಿದ್ದರೆ ಸಾಕಿತ್ತು. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ ಕಾಲದ ವಂಶವೇ ಅದು. ಅಲ್ಲಿ ಟ್ರಾನ್ಸ್‌ಫರ್ ಕೇಸಿಗೆ ಕಂಪ್ಯೂಟರಿಲ್ಲ, ಚಾಲಕನ ಕೈಗೆ ಲಿವರ್ ಇದೆ. ಕಲ್ಲುದಾರಿ ಬಂದಾಗ ಫೋರ್ ವೀಲ್ ಹಾಕುತ್ತಾನೆ, ಟಾರು ಸಿಕ್ಕಿದ ಕೂಡಲೇ ತೆಗೆಯುತ್ತಾನೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಒತ್ತಡ ಇಳಿಸಿಕೊಳ್ಳುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ, ಗೇರಿಗೆ ಬೀಳುತ್ತದೆ. ಇದನ್ನು ಅವನಿಗೆ ಯಾವ ದೀಪವೂ ಹೇಳಿಕೊಟ್ಟಿಲ್ಲ. ಅಣ್ಣಯ್ಯನ ಗಾಡಿಯೋ ಟಾರು ಬಿಟ್ಟು ಇಳಿದದ್ದೇ ಇಲ್ಲ, ಕಂಬಳದ ಗದ್ದೆಗೂ ಅವರು ರಸ್ತೆಯಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗುತ್ತಾರೆ, ಕೆಸರಾಗುತ್ತದೆಂದು.

ಹಿಂದಿನವಕ್ಕೆ ಸರಿಯಾಗಿ ಅದೇ ಕಂಪನಿಯ ಇನ್ನೆರಡು ಟೈರು ಬಿದ್ದವು. ಗಾಡಿ ಬೆಣ್ಣೆಯಂತೆ ತಿರುಗಿತು. ಮುಂದಿನ ಮದುವೆಯಲ್ಲಿ ಅಣ್ಣಯ್ಯ ಪಂಚೆ ಎತ್ತಿಕಟ್ಟಿ ಪರರ ಫಾರ್ಚುನರಿನ ಟೈರಿಗೆ ಅಳತೆಕಡ್ಡಿ ಇಳಿಸುತ್ತಿದ್ದರು, ಸುತ್ತಿಗೆ 31 ಮಿ.ಮೀ. ಎಂದು ಊಟದ ಪಂಕ್ತಿಯವರೆಗೂ ವಿವರಿಸಿದರು. ಆ ಗಾಡಿಯ ಟೈರಿನ ಅಳತೆ ಬೇರೆ ಎಂದು ಯಾರೋ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಮರುವಾರ ಹೆಮ್ಮಾಡಿಯ ಹತ್ತಿರ ಕಬ್ಬಿಣದ ಚೂರೊಂದು ಅವರ ಬಲಬದಿಯ ಮುಂದಿನ ಟೈರಿನ ಬದಿಯನ್ನು ಸೀಳಿತು. ಫೋನು ನೇರ ಮೇಸ್ತ್ರಿಗೆ ಹೋಯಿತು.

"ಹ್ವಾಯ್, ಹಳೇದ್ ಎರಡ್ ಅಟ್ಟದ ಮೇಲೆ ಇತ್ತ್. ಸದ್ಯಕ್ಕೆ ಅದ್ರಗೆ ಒಂದ್ ಹಾಕಿರೆ ಆತ್ತಾ?"