ಕುದುರೆ ಹಾರಲಿ, ಮಳೆ ತಪ್ಪದಿರಲಿ

ಗದಗ ಸೀಮೆಯ ಕಾದಂಬರಿ ಓದುಗನನ್ನು ಅದ್ಭುತ ಕಥೆಯಿಂದ ಬೆರಗುಗೊಳಿಸುವುದು ಕಷ್ಟ; ನಿತ್ಯದ ಬದುಕಿನ ಕಥೆಯಿಂದ ಒಪ್ಪಿಸುವುದು ಇನ್ನೂ ಕಷ್ಟ. ಕುದುರೆ ಹಾರಿದರೆ, ಹೆಣ ಮಾತಾಡಿದರೆ, ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವವಿದ್ದರೆ ಅವನು ತಕರಾರಿಲ್ಲದೆ ಹಾಳೆ ತಿರುವುತ್ತಾನೆ. ಅದೇ ಪುಸ್ತಕದಲ್ಲಿ ಯಾರಾದರೂ ಉತ್ತರಿ ಮಳೆಗೆ ಹೆಸರು ಬಿತ್ತಿದರೆ ಮಾತ್ರ ಪುಸ್ತಕ ಮಡಚಿ ತೊಡೆಯ ಮೇಲಿಡುತ್ತಾನೆ. ರೋಹಿಣಿಗೋ ಮಿರಗಕ್ಕೋ ನೆಲಕ್ಕೆ ಬೀಳಬೇಕಾದ ಹೆಸರನ್ನು ಹಿಂಗಾರಿ ಜೋಳದ ಹೊತ್ತಿಗೆ ಬಿತ್ತಿಸಿದ ಲೇಖಕ, ಮುಂದೆ ಪ್ರೇಮದ ಬಗ್ಗೆ ಏನು ಬರೆದರೂ ಪ್ರಯೋಜನವಿಲ್ಲ. ‘ಕುದ್ರಿ ಹಾರ್ಲಿ, ಬ್ಯಾಡನ್ನಂಗಿಲ್ಲ. ಆದ್ರ ಇಂವ ಎಂದರ ಹೊಲಾ ನೋಡ್ಯಾನೇನು?’ ಎಂಬಲ್ಲಿಗೆ ವಿಮರ್ಶೆ ಮುಗಿಯುತ್ತದೆ.

ಈ ಸ್ವಭಾವಕ್ಕೆ ಊರುಗಳ ಕಲ್ಲುಗಳೂ ಕಾರಣ. ಹರ್ತಿಯ ಪಾರ್ವತಿ–ಪರಮೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಕೆತ್ತನೆಗಳಿವೆ. ಲಕ್ಕುಂಡಿಗೆ ಹೋದರಂತೂ ಹೆಜ್ಜೆಗೊಂದು ಗುಡಿ. ಚಾಲುಕ್ಯರ ಶಿಲ್ಪಿಗಳು ಪ್ರೀತಿಯಿಂದ ಕೆತ್ತಿದ ಮಕರವೆಂಬ ಪ್ರಾಣಿಗೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಕೀರ್ತಿಮುಖಕ್ಕೆ ಮುಖವೊಂದೇ, ಒಡಲನ್ನು ಅದು ತಾನೇ ತಿಂದುಕೊಂಡಿತೆಂದು ಪುರಾಣ ಹೇಳುತ್ತದೆ. ಇಂಥ ಪ್ರಾಣಿಗಳ ಕೆಳಗೆ ಕೂತು ಬುತ್ತಿ ಬಿಚ್ಚಿ ರೊಟ್ಟಿ–ಶೇಂಗಾ ಚಟ್ನಿ ತಿಂದು ಬೆಳೆದವರಿಗೆ ವಿಲಾಯತಿ ಕಾದಂಬರಿಯ ಬೆಂಕಿಯುಗುಳುವ ಡ್ರ್ಯಾಗನ್ ಹೊಸ ಅಳಿಯನಂತೆ ಕಾಣುತ್ತದೆ: ಗತ್ತು ಬಹಳ, ನೋಡಿದರೆ ನಮ್ಮವರಿಗಿಂತ ಹೆಚ್ಚೇನಿಲ್ಲ.

ಪುಸ್ತಕದ ಪೂರೈಕೆಯಲ್ಲೂ ಈ ಸೀಮೆಯದು ಹಳೆಯ ಕೈ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಆಕೆಯ ಲಕ್ಕುಂಡಿ ಶಾಸನ 1007ರದು. ತಾಳೆಗರಿ ಹೋಗಿ ಕಾಗದ ಬಂತು, ಕಂಠ ಹೋಗಿ ಕಂಪ್ಯೂಟರ್ ಬಂತು. ಕನ್ನಡ ಕಾದಂಬರಿಯ ಮೊದಲ ಮುದ್ರಣ ಸಾಮಾನ್ಯವಾಗಿ ಇಂದಿಗೂ 1000 ಪ್ರತಿ. ಸಾವಿರ ವರ್ಷದಲ್ಲಿ ಬೆಲೆ ಏರದ ವಸ್ತುಗಳುಂಟೋ ಇಲ್ಲವೋ, ಸಂಖ್ಯೆ ಏರದ ಉದ್ಯಮವೊಂದು ಉಂಟು. ಬದಲಾದದ್ದು ಹಂಚುವ ರೀತಿ. ಅತ್ತಿಮಬ್ಬೆ ದಾನವಾಗಿ ಕೊಟ್ಟಳು. ಮುಂದೆ ಹಾವೇರಿ ಕಡೆಯ ಗಳಗನಾಥರು (1869–1942) ತಾವೇ ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದರು. ಧಾರವಾಡದಲ್ಲಿ ಜಿ. ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿ, ಚಂದಾ ಕಟ್ಟಿದವರ ಮನೆಗೆ ಪುಸ್ತಕ ಕಳಿಸಿದರು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಿಕ ದಪ್ಪ ಪುಸ್ತಕಗಳನ್ನು ಸಂಗ್ರಹಿಸಿ ಕೆಲವೇ ಪುಟಗಳಲ್ಲಿ ಕೊಟ್ಟಿತು. ಇದರಿಂದ ಒಂದು ವಿಶಿಷ್ಟ ತಳಿಯ ಓದುಗ ಹುಟ್ಟಿದ. ಜಗತ್ತಿನ ಯಾವ ಮಹಾಕಾದಂಬರಿಯ ಹೆಸರೆತ್ತಿದರೂ ಅವನು ‘ಓದೇನಿ’ ಎನ್ನುತ್ತಾನೆ. ಸುಳ್ಳಲ್ಲ; ಹುಬ್ಬಳ್ಳಿಯಿಂದ ಗದಗಕ್ಕೆ ರೈಲು ಬರುವಷ್ಟರಲ್ಲಿ ಓದಿ ಮುಗಿಸಿದ್ದಾನೆ.

ಇಂದು ಹಳ್ಳಿಯ ಮಟ್ಟದಲ್ಲಿ ಈ ಕೆಲಸ ಗ್ರಾಮ ಪಂಚಾಯಿತಿ ಗ್ರಂಥಾಲಯದ್ದು. ಅದರ ಹೊಸ ಹೆಸರು ‘ಅರಿವು ಕೇಂದ್ರ’. ರಾಜ್ಯದ ಗ್ರಂಥಾಲಯ ಕಾಯ್ದೆ 1965ರದು, ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವೂ ಇದೆ. ಹೀಗಾಗಿ ಇಪ್ಪತ್ತು ವರ್ಷ ಪುಸ್ತಕ ಮುಟ್ಟದವನೂ ಸಾಹಿತ್ಯಕ್ಕೆ ರೊಕ್ಕ ಕೊಟ್ಟವನೇ. ಗುಡಿಯ ಕಟ್ಟೆಯ ಮೇಲೆ ಕಾದಂಬರಿಯ ಮಾತು ಬಂದಾಗ ಓದಿದವರಿಗಿಂತ ಓದದವರ ದನಿ ಏರಿರುವುದಕ್ಕೆ ಕಾನೂನಿನ ಆಧಾರ ಹುಡುಕುವವರು ಇದನ್ನು ಗಮನಿಸಬಹುದು.

ಅದ್ಭುತ ಕಥೆಗಳ ವಿಷಯಕ್ಕೆ ಬಂದರೆ ಮೊದಲು ನಿಲ್ಲುವವನು ಕುಮಾರವ್ಯಾಸ. ಗದಗಿನ ವೀರನಾರಾಯಣನ ಗುಡಿಯಲ್ಲಿ, ಒದ್ದೆ ಬಟ್ಟೆ ಮೈಮೇಲೆ ಆರುವವರೆಗೆ ಅವನು ಕಾವ್ಯ ರಚಿಸುತ್ತಿದ್ದನೆಂಬುದು ಐತಿಹ್ಯ. ಗದಗಿನ ಬೇಸಿಗೆ ಗೊತ್ತಿದ್ದವರಿಗೆ ಇಲ್ಲೊಂದು ಸಂಶಯ ಏಳಬೇಕು: ಚೈತ್ರ–ವೈಶಾಖದ ಬಿಸಿಲಲ್ಲಿ ಬಟ್ಟೆ ಆರಲು ಎಷ್ಟು ಹೊತ್ತು? ಅಷ್ಟರಲ್ಲಿ ಹತ್ತು ಪರ್ವ ಹೇಗೆ ಮುಗಿಯಿತು? ಆದರೆ ಈ ಸಂಶಯ ಯಾರಿಗೂ ಏಳುವುದಿಲ್ಲ. ಅವನ ಭಾರತವನ್ನು ಓದುವುದಕ್ಕಿಂತ ಓದಿಸುವುದೇ ರೂಢಿ, ಅದರಲ್ಲೂ ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವುದು ಕನ್ನಡನಾಡಿನ ಹಳೆಯ ಪದ್ಧತಿ. ಕೃತಿಯ ಫಲಶ್ರುತಿಯನ್ನು ಮಿಲಿಮೀಟರಿನಲ್ಲಿ ಅಳೆಯಬಹುದಾದ ಸಾಹಿತ್ಯಪ್ರಕಾರ ಇದೊಂದೇ ಇರಬೇಕು. ಆಧುನಿಕ ಕಾದಂಬರಿಕಾರರು ಇದರಿಂದ ಪಾರಾಗಿದ್ದಾರೆ. ಅವರ ಪುಸ್ತಕ ಓದಿದ ಮರುದಿನ ಯಾರೂ ಮುಗಿಲು ನೋಡುವುದಿಲ್ಲ.

ಈ ಹಿನ್ನೆಲೆಯ ಓದುಗನ ಕೈಗೆ ಎಸ್. ಎಲ್. ಭೈರಪ್ಪನವರ ‘ಪರ್ವ’ (1979) ಬಂದಾಗ ಆಗುವುದು ಒಂದು ಬಗೆಯ ಆಸ್ತಿ ವ್ಯಾಜ್ಯ. ವರ, ಶಾಪ, ಪವಾಡ ಯಾವುದೂ ಅಲ್ಲಿಲ್ಲ. ಪಾತ್ರಗಳಿಗೆ ವಯಸ್ಸಾಗುತ್ತದೆ, ದಣಿವಾಗುತ್ತದೆ, ಯುದ್ಧಕ್ಕೆ ಹೊರಟವರಿಗೆ ದವಸ–ಮೇವಿನ ಚಿಂತೆ ಹತ್ತುತ್ತದೆ. ಓದುಗ ಮೊದಲ ನೂರು ಪುಟ ಸಿಟ್ಟಿನಲ್ಲೇ ಓದುತ್ತಾನೆ: ಮನೆತನದ ಮಂದಿಯ ಬಗ್ಗೆ ಪರಸ್ಥಳದವರು ಬಂದು ಹೇಳಿದರೆ ಹೇಗೆ ಕೇಳುವುದು? ಇನ್ನೂರನೆಯ ಪುಟದ ಹೊತ್ತಿಗೆ ಅಣ್ಣತಮ್ಮಂದಿರ ಪಾಲಿನ ಜಗಳ ಕಣ್ಣಿಗೆ ಬಿದ್ದು ಮೆತ್ತಗಾಗುತ್ತಾನೆ. ಹೊಲದ ಬದುವಿಗಾಗಿ ಕೋರ್ಟಿಗೆ ಅಲೆದ ಮನೆಗಳಲ್ಲಿ ‘ಪರ್ವ’ ಬೇಗ ಅರ್ಥವಾಗುತ್ತದೆ. ಮುಗಿಸಿದ ಮೇಲಿನ ತೀರ್ಪು ಇಷ್ಟು: ‘ಬರದಾರ ಛಲೋನ. ಆದ್ರ ಕೃಷ್ಣನ್ನ ಬಿಡಬೇಕಾಗಿತ್ತು.’

ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ಕ್ಕೆ ಇಂಥ ವ್ಯಾಜ್ಯವಿಲ್ಲ. ಅದರ ಶಿವಾಪುರ ಯಾವ ನಕಾಶೆಯಲ್ಲೂ ಸಿಗದಿದ್ದರೂ ಗದಗಿನ ಓದುಗ ಅದನ್ನು ಘಟಪ್ರಭೆಯ ದಂಡೆಯಲ್ಲೆಲ್ಲೋ ಇಟ್ಟು ನಿಶ್ಚಿಂತನಾಗುತ್ತಾನೆ. ಮಂತ್ರ, ಮೂಲಿಕೆ, ಅಮ್ಮನ ಮಹಿಮೆ ಎಲ್ಲಕ್ಕೂ ತಲೆಯಾಡಿಸುತ್ತಾನೆ. ಶಿರಹಟ್ಟಿ–ಮುಂಡರಗಿಯ ಓದುಗರಿಗೆ ಕಪ್ಪತಗುಡ್ಡ ಮನೆಯ ಹಿತ್ತಲಿದ್ದಂತೆ, ಅದರ ಔಷಧಿ ಗಿಡಗಳ ಖ್ಯಾತಿ ಅವರು ಚಿಕ್ಕಂದಿನಿಂದ ಕೇಳಿದ್ದು. ಹೀಗಾಗಿ ಕಾದಂಬರಿಯ ವೈದ್ಯ ಬೇರು ಕಿತ್ತು ಪವಾಡ ಮಾಡಿದರೆ ಅವರ ಕುತೂಹಲ ಒಂದೇ: ಬೇರು ಯಾವುದು, ಮೊಣಕಾಲು ನೋವಿಗೆ ನಡೆಯುತ್ತದೆಯೋ?

ವಿಚಿತ್ರವೆಂದರೆ ಈ ಉದಾರ ನಂಬಿಕೆ ಮುಗ್ಗರಿಸುವುದು ನಿಜವಾದ ಪ್ರಾಣಿಯ ಎದುರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ತೇಲಿ ಹಾರುವ ಓತಿಗಳು ಆ ಕಾಡುಗಳಲ್ಲಿ ಇಂದಿಗೂ ಇವೆ. ಪಕ್ಕೆಲುಬಿಗೆ ಅಂಟಿದ ಚರ್ಮವನ್ನು ಅಗಲಿಸಿ ಮರದಿಂದ ಮರಕ್ಕೆ ತೇಲುತ್ತವೆ. ಹರ್ತಿಯ ಬೇಲಿಗಳಲ್ಲಿ ಓತಿಕ್ಯಾತಗಳಿಗೆ ಬರವಿಲ್ಲ. ಅವು ಕತ್ತು ಕುಣಿಸುತ್ತವೆ, ಬಣ್ಣ ಬದಲಿಸುತ್ತವೆ, ಹುಡುಗರ ಕಲ್ಲಿಗೆ ಹೆದರಿ ಓಡುತ್ತವೆ. ಹಾರಿದ್ದನ್ನು ಯಾರೂ ಕಂಡಿಲ್ಲ. ಆದ್ದರಿಂದ ಗರುಡನ ಬೆನ್ನೇರಿದ ವಿಷ್ಣುವನ್ನು ನಂಬುವ ಓದುಗ ಓತಿಯ ವಿಷಯದಲ್ಲಿ ಪುರಾವೆ ಕೇಳುತ್ತಾನೆ. ಅದೇ ಕಾದಂಬರಿಯ ಮಂದಣ್ಣನೆಂಬ ಪಾತ್ರವನ್ನು ಮಾತ್ರ ಪುರಾವೆ ಕೇಳದೆಯೇ ನಂಬುತ್ತಾನೆ. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ತಿರುಗುವ ಇಂಥವನೊಬ್ಬ ಪ್ರತಿ ಊರಿಗೂ ಇರುತ್ತಾನಲ್ಲ.

ವಿದೇಶಿ ಅದ್ಭುತ ಕಾದಂಬರಿಗಳು ಈ ಸೀಮೆಗೆ ಬರುವುದು ಹೆಚ್ಚಾಗಿ ಗದಗಿಗೋ ಹುಬ್ಬಳ್ಳಿಗೋ ಕಾಲೇಜಿಗೆ ಹೋಗುವ ಮಕ್ಕಳ ಚೀಲದಲ್ಲಿ. ಹಿಂದಿನ ತಲೆಮಾರಿಗೆ ನಾ. ಕಸ್ತೂರಿಯವರು ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿ ಕೊಟ್ಟಿದ್ದರು, ತಿಂಗಳಿಗೊಮ್ಮೆ ‘ಚಂದಮಾಮ’ ಬೇತಾಳನನ್ನು ಹೊತ್ತು ತರುತ್ತಿತ್ತು. ಈಗಿನವರು ಹ್ಯಾರಿ ಪಾಟರನ ಏಳು ಸಂಪುಟಗಳನ್ನು ನೇರವಾಗಿ ಇಂಗ್ಲಿಷಿನಲ್ಲಿ ಓದಿ, ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳುತ್ತಾರೆ. ಮೊಮ್ಮಗಳು ಹೇಳುವ ಮಾಟದ ಶಾಲೆ, ಗೋಡೆಯೊಳಗೆ ನುಗ್ಗಿ ಸೇರುವ ರೈಲು ನಿಲ್ದಾಣ, ಪೊರಕೆಯ ಮೇಲಿನ ಆಟ ಇದಾವುದಕ್ಕೂ ಆಯಿಯ ಆಕ್ಷೇಪವಿಲ್ಲ. ಕಥೆ ಕೆಡುವುದು ಗೂಬೆ ಟಪಾಲು ತರುವಲ್ಲಿ. ‘ಮನಿ ಮ್ಯಾಲ ಗೂಗಿ ಕುಂತ್ರ ಮನಿ ಬಿಡಬೇಕಂತಾರಬೇ, ಇವರು ಕರದು ಒಳಗ ಕುಂದರಿಸ್ತಾರ? ಅದಕ್ಕ ಆ ಹುಡುಗನ ಹಡದವ್ರು ಹೋಗ್ಯಾರ.’ ಕಥೆಯ ಕಾಲಾನುಕ್ರಮಕ್ಕೆ ಇದು ಹೊಂದುವುದಿಲ್ಲ, ಆದರೂ ಏಳು ಸಂಪುಟಗಳ ದುರಂತಕ್ಕೆ ಇಷ್ಟು ಚಿಕ್ಕ ಕಾರಣ ಬೇರಾರೂ ಕೊಟ್ಟಿರಲಾರರು. ಟೋಲ್ಕಿನನ ಉಂಗುರದ ಕಥೆಗೂ ಇದೇ ಗತಿ. ಉಂಗುರವೊಂದನ್ನು ನಾಶಮಾಡಲು ಮೂರು ಸಂಪುಟ ನಡೆಯಬೇಕಾಯಿತೆಂದರೆ ಹಿರಿಯರಿಗೆ ಕನಿಕರ ಬರುತ್ತದೆ. ಶಕುಂತಲೆ ನೀರಲ್ಲಿ ಕೈ ಅದ್ದಿದ ಮಾತ್ರಕ್ಕೆ ಕಳೆದುಕೊಂಡಿದ್ದಳು.

ಸಮಕಾಲೀನ ಕಾದಂಬರಿ ಇವುಗಳಷ್ಟು ಸುಲಭವಾಗಿ ಪಾರಾಗುವುದಿಲ್ಲ. ಅಲ್ಲಿ ಪ್ರತಿಯೊಬ್ಬ ಓದುಗನೂ ವಿಷಯ ತಜ್ಞ. ಯಾವ ಸೀಮೆಯ ಮಾತು, ಯಾವ ಮನೆಯ ಊಟ, ಮದುವೆಯಲ್ಲಿ ಯಾರ ಕಡೆಯವರು ಮೊದಲು ಸಿಟ್ಟಾದರು ಎಂಬ ಎಲ್ಲಕ್ಕೂ ಪರೀಕ್ಷೆಯುಂಟು. ಬೆಂಗಳೂರಿನ ಲೇಖಕರು ಉತ್ತರ ಕರ್ನಾಟಕದ ಪಾತ್ರವೊಂದನ್ನು ತಂದು, ಪ್ರತಿ ವಾಕ್ಯದ ಕೊನೆಗೂ ‘ರೀ’ ಹಚ್ಚಿ, ಮೂರು ಹೊತ್ತೂ ರೊಟ್ಟಿ ತಿನ್ನಿಸುವುದು ಇಲ್ಲಿಯ ಓದುಗರಿಗೆ ಬಹಳ ಹಳೆಯ ಮನರಂಜನೆ. ಅಂಥ ಪುಟಗಳನ್ನು ಅವರು ಅದ್ಭುತ ಕಥೆಗಳ ವಿಭಾಗಕ್ಕೆ ಸೇರಿಸಿ ಕ್ಷಮಿಸುತ್ತಾರೆ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ (1956) ಹಳೆಯದಾದರೂ ಇಂದು ಓದಿದವರಿಗೆ ಇಂದಿನದೇ ಅನ್ನಿಸುತ್ತದೆ. ಧಾರವಾಡದ ಆ ಮನೆಗಳ ಮಾತು ಕಿವಿಗೆ ಸರಿಯಾಗಿ ಬೀಳುತ್ತದೆ, ಕುಹಕಿ ರಾಘಪ್ಪನ ಗುರುತು ಹತ್ತಲು ಯಾರಿಗೂ ಅರ್ಧ ಪುಟ ಬೇಡ. ಊರಿನ ಅಂಥವನೊಬ್ಬನೇ ಈ ಕಾದಂಬರಿಯನ್ನು ಓದಿ ‘ಇಂಥ ಮಂದಿ ಇರತಾರ ನೋಡ್ರಿ’ ಎಂದು ಮರುಗುವುದೂ ಉಂಟು. ಸಾಹಿತ್ಯದಿಂದ ಆತ್ಮಪರಿಶೀಲನೆಯಾಗುತ್ತದೆ ಎನ್ನುವವರು ಈ ಓದುಗನನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಲಿಸ್ಬನ್ನಿನ ನದಿಯನ್ನೂ ವಿಜಯನಗರದ ನದಿಯನ್ನೂ ಒಂದೇ ಕಥೆಯಲ್ಲಿ ಹರಿಸುತ್ತದೆ. ಪೋರ್ಚುಗೀಸರ ಹಡಗು, ಮತಾಂತರದ ಕ್ರೌರ್ಯ, ಸತಿಯ ಚಿತೆ ಇವೆಲ್ಲ ಓದುಗರನ್ನು ನಡುಗಿಸುವಂಥವು, ನಡುಗಿಸಿವೆ ಕೂಡ. ಆದರೆ ಗದಗ–ಬೆಟಗೇರಿಗೆ ಕುಡಿಯುವ ನೀರು ಬರುವುದು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ, ಇದೇ ತುಂಗಭದ್ರೆಯಿಂದ. ಪುಟಗಟ್ಟಲೆ ಹೊಳೆ ತುಂಬಿ ಹರಿಯುವ ವರ್ಣನೆ ಓದುವಾಗ ನಲ್ಲಿಗೆ ನೀರು ಬಂದು ಎಷ್ಟು ದಿನವಾಯಿತೆಂದು ಓದುಗನ ಬೆರಳು ತಾನಾಗಿ ಎಣಿಸತೊಡಗುತ್ತದೆ. ರಸಾನುಭವಕ್ಕೆ ಭಂಗ ತರುವ ಸಂಗತಿಗಳನ್ನು ಅಲಂಕಾರಶಾಸ್ತ್ರ ವಿವರವಾಗಿ ಚರ್ಚಿಸಿದೆ. ನೀರಿನ ಪಾಳಿ ಅಲ್ಲಿ ಬಿಟ್ಟುಹೋಗಿದೆ. ಭೈರಪ್ಪನವರ ‘ಯಾನ’ (2014) ಸೌರಮಂಡಲವನ್ನೇ ದಾಟುವ ನೌಕೆಯ ಕಥೆ. ಅಲ್ಲಿಯೂ ಹೆಂಗಸರು ಮೊದಲು ಕೇಳುವುದು ಅಡಿಗೆ ಯಾರದು ಎಂದು, ಗಂಡಸರು ಕೇಳುವುದು ಹಿಂತಿರುಗಿ ಬರುವುದು ಯಾವಾಗ ಎಂದು. ಬರುವುದಿಲ್ಲ ಎಂದು ತಿಳಿದರೆ ಇಬ್ಬರೂ ಅದನ್ನು ವಿಜ್ಞಾನದ ಪುಸ್ತಕವೆನ್ನದೆ ವೈರಾಗ್ಯದ ಪುಸ್ತಕವೆನ್ನುತ್ತಾರೆ, ಅದೂ ಪೂರ್ತಿ ತಪ್ಪಲ್ಲ.

ಪ್ರತಿಕ್ರಿಯೆಗಳ ಶಾಶ್ವತ ದಾಖಲೆ ಇರುವುದು ಗ್ರಂಥಾಲಯದ ಪುಸ್ತಕಗಳ ಅಂಚಿನಲ್ಲಿ. ನಾಯಕಿ ಅತ್ತಲ್ಲಿ ‘ಪಾಪ’, ನಾಯಕ ಮೋಸ ಮಾಡಿದಲ್ಲಿ ಇಲ್ಲಿ ಬರೆಯಬಾರದ ಒಂದು ಪದ, ನಿಸರ್ಗ ವರ್ಣನೆ ಶುರುವಾದಲ್ಲಿ ‘ಮುಂದೆ 4 ಪುಟ ಬಿಡಿ’. ಈ ಕೊನೆಯದು ಅನೇಕ ವಿಮರ್ಶೆಗಳಿಗಿಂತ ಉಪಕಾರಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಕಾಲದಲ್ಲಿ ಮೂರನೆಯ ಪುಟದಲ್ಲೇ ಕೊಲೆಗಾರನ ಹೆಸರಿಗೆ ಗೆರೆ ಎಳೆದಿಡುವ ದುಷ್ಟರಿದ್ದರು. ಅವರಿಗಿಂತ ದುಷ್ಟರು ಕೊನೆಯ ಹಾಳೆಯನ್ನೇ ಹರಿದುಕೊಂಡು ಹೋದರು. ಆ ತಲೆಮಾರಿನ ಓದುಗರು ಎಷ್ಟೋ ಕೊಲೆಗಳನ್ನು ತಾವೇ ಪತ್ತೆಹಚ್ಚಿಕೊಳ್ಳಬೇಕಾಯಿತು.

ಈ ತರಬೇತಿ ಹೊಸ ಕಾದಂಬರಿಗಳ ಮೇಲೂ ಪರಿಣಾಮ ಬೀರಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮಸಾಲೆ ವ್ಯಾಪಾರದಿಂದ ದಿಢೀರನೆ ರೊಕ್ಕ ಕಂಡ ಬೆಂಗಳೂರಿನ ಕುಟುಂಬದ ಕಥೆ. ಇರುವೆಗಳ ಕಾಟದ ಹಳೆಯ ಮನೆ, ದುಡಿಯುವ ಚಿಕ್ಕಪ್ಪನನ್ನು ಎಲ್ಲರೂ ಓಲೈಸುವ ಪರಿ, ಮನೆಗೆ ಒಗ್ಗದ ಸೊಸೆ ಎಲ್ಲವೂ ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ತಪ್ಪು ಹುಡುಕಲು ಕೂತವರೂ ಸೋಲುತ್ತಾರೆ. ಆ ಸೊಸೆಗೆ ಏನಾಯಿತೆಂಬುದನ್ನು ಮಾತ್ರ ಲೇಖಕರು ಹೇಳದೆ ನಿಲ್ಲಿಸುತ್ತಾರೆ. ಮರುದಿನ ಹಿರಿಯ ಓದುಗರು ಪುಸ್ತಕ ಹಿಡಿದು ಗ್ರಂಥಾಲಯಕ್ಕೆ ಬಂದು, ಕೊನೆಯ ಹಾಳೆ ಯಾರೋ ಹರಿದಿದ್ದಾರೆಂದು ದೂರು ಕೊಡುತ್ತಾರೆ. ಮೇಲ್ವಿಚಾರಕರು ಪುಟಸಂಖ್ಯೆ ಎಣಿಸಿ, ಹೊಲಿಗೆ ತೋರಿಸಿ, ಹಾಳೆ ಎಲ್ಲವೂ ಇವೆ, ಕಥೆ ಮುಗಿಯುವುದೇ ಹೀಗೆ ಎಂದು ವಿವರಿಸುತ್ತಾರೆ. ‘ಹಂಗಾರ ಬರದವರ ಕಡೇನ ಉಳದೈತಿ’ ಎಂದು ಹಿರಿಯರು ಪುಸ್ತಕ ಮರಳಿಸಿ, ಮುಂದಿನ ವಾರಕ್ಕೆ ಒಂದು ಹಳೆಯ ‘ಕಸ್ತೂರಿ’ ಒಯ್ಯುತ್ತಾರೆ.