ಅಪ್‌ಡೌನ್ ಸರ್

ಮನೆ ಕಲಬುರಗಿಯಲ್ಲಿ, ನೌಕರಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಇಲ್ಲವೇ ಚಿಂಚೋಳಿಯಲ್ಲಿ. ಎರಡರ ನಡುವೆ ದಿನಾ ಹೋಗಿಬರುವ ಸರ್ಕಾರಿ ನೌಕರರೇ ಅಪ್‌ಡೌನ್ ಸರ್. ಅವರು ಮಾಸ್ತರರಿರಬಹುದು, ಗುಮಾಸ್ತರಿರಬಹುದು, ಇಂಜಿನಿಯರೂ ಇರಬಹುದು. ‘ಸದ್ಯ ಎಲ್ಲಿದ್ದೀರಿ ಸರ್?’ ಎಂದು ಕೇಳಿದವರಿಗೆ ಊರಿನ ಹೆಸರು ಹೇಳುವುದಿಲ್ಲ. ‘ಅಪ್‌ಡೌನ್ ಮಾಡ್ತೀನ್ರೀ’ ಎನ್ನುತ್ತಾರೆ.

ಈ ವರ್ಗ ಹೆಚ್ಚಿದ್ದಕ್ಕೆ ಕಾರಣವಿದೆ. ಹಿಂದೆ ದಕ್ಷಿಣದ ಜಿಲ್ಲೆಗಳಿಂದ ನೇಮಕವಾಗಿ ಬಂದವರು ತಾಲ್ಲೂಕು ಊರಲ್ಲೊಂದು ಖೋಲಿ ಹಿಡಿದು, ಸ್ಟೋವ್ ಹೊತ್ತಿಸಿ, ವರ್ಗಾವಣೆಯ ದಾರಿ ಕಾಯುತ್ತಿದ್ದರು. 371(ಜೆ) ವಿಧಿ ಬಂದು, 2013ರಿಂದ ಈ ಭಾಗದ ‘ಸಿ’ ವರ್ಗದ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲಾದವು. ಸ್ಥಳೀಯರೇನೋ ಬಂದರು, ಆದರೆ ಅನೇಕರ ಸ್ಥಳ ಕಲಬುರಗಿ. ಹಬ್ಬಕ್ಕೊಮ್ಮೆ ಊರಿಗೆ ಹೋಗುತ್ತಿದ್ದವರ ಕುರ್ಚಿಗೆ ಸಂಜೆಗೊಮ್ಮೆ ಊರಿಗೆ ಹೋಗುವವರು ಬಂದರು.

ಸಂಚಾರದ ಬಗೆಯಿಂದ ಇವರಲ್ಲಿ ಮೂರು ಪಂಗಡ. ಮೊದಲನೆಯವರು ರೈಲಿನವರು. ಶಹಾಬಾದ್, ವಾಡಿಗಳು ಮುಂಬೈ–ಚೆನ್ನೈ ಮಾರ್ಗದಲ್ಲಿವೆ. ಚಿತ್ತಾಪುರ, ಸೇಡಂಗಳು 1874ರಲ್ಲಿ ನಿಜಾಮರ ಸೀಮೆಗೆಂದು ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿಯ ಮೇಲಿವೆ. ಗಾಡಿ ತಡವಾದರೆ ರೈಲಿನವರು ಚಡಪಡಿಸುವುದಿಲ್ಲ. ತಪ್ಪು ಕೇಂದ್ರ ಸರ್ಕಾರದ್ದಾದ್ದರಿಂದ ರಾಜ್ಯ ಸರ್ಕಾರದ ಸಾಹೇಬರು ಬೈಯುವಂತಿಲ್ಲ.

ಎರಡನೆಯವರು ಬಸ್ಸಿನವರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ ಒಗೆದು ಸೀಟು ಹಿಡಿಯುವುದು ಇವರ ವಿದ್ಯೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಮಹಿಳೆಯರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಆ ದಸ್ತಿಗೆ ಮೊದಲಿನ ಮರ್ಯಾದೆ ಉಳಿದಿಲ್ಲ. ಅದರ ಮೇಲೆಯೇ ಕುಳಿತ ಅವ್ವಂದಿರು, ‘ಯಾರದಪ್ಪಾ ಇದು?’ ಎಂದು ಎತ್ತಿ ಕೊಡುತ್ತಾರೆ. ರೈಲೇ ಇಲ್ಲದ ಚಿಂಚೋಳಿಯ ಸರ್‌ಗಳಿಗೆ ಬಸ್ಸು ತಪ್ಪಿದರೆ ಕ್ರೂಸರ್ ಗತಿ. ಅದು ತುಂಬಿದ ಮೇಲೂ ಇನ್ನಷ್ಟು ತುಂಬಿ ಆಮೇಲೆ ಹೊರಡುತ್ತದೆ. ಮೂರನೆಯವರು ನಾಲ್ವರು ಕೂಡಿ ಪೆಟ್ರೋಲು ಹಂಚಿಕೊಳ್ಳುವ ಕಾರಿನವರು. ಕಾರಿನ ಮಾಲೀಕರಿಗೆ ಜ್ವರ ಬಂದ ದಿನ ನಾಲ್ಕು ಕುರ್ಚಿ ಖಾಲಿ.

ಸೇಡಂ ರಸ್ತೆ ಸುಮಾರು 55 ಕಿಲೋಮೀಟರ್. ಗುಲಬರ್ಗಾ ವಿಶ್ವವಿದ್ಯಾಲಯ, 2019ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣ ದಾಟುವತನಕ ತುಟ್ಟಿಭತ್ಯೆಯ ಚರ್ಚೆ. ಮಳಖೇಡ ಬರುವಷ್ಟರಲ್ಲಿ ಸರ್ ಅವರ ತಲೆ ಪಕ್ಕದವರ ಹೆಗಲಿಗೆ ಬಂದಿರುತ್ತದೆ. ವಾರಕ್ಕೆ ಹನ್ನೆರಡು ಸಲ ಅಮೋಘವರ್ಷನ ರಾಜಧಾನಿ ದಾಟಿದರೂ ಕೋಟೆ ಯಾವ ಮಗ್ಗುಲಿಗಿದೆ ಎಂದು ಹೇಳಲಾರರು. ಆಮೇಲೆ ಶಾಲೆಗೆ ಹೋಗಿ ರಾಷ್ಟ್ರಕೂಟರ ಪಾಠ ಮಾಡುವವರೂ ಇವರೇ.

ನೌಕರರು ಕೇಂದ್ರಸ್ಥಾನದಲ್ಲೇ ವಾಸಿಸಬೇಕೆಂಬ ನಿಯಮವಿದೆ. ಅದಕ್ಕಾಗಿ ಸೇಡಂನಲ್ಲಿ ಒಂದು ವಿಳಾಸವನ್ನೂ ಸರ್ ಇಟ್ಟಿರುತ್ತಾರೆ. ಆ ಮನೆಯ ಬೀಗದ ಕೈ ಯಾರ ಹತ್ತಿರವಿದೆ ಎಂಬುದು ಮಾತ್ರ ನೆನಪಿರುವುದಿಲ್ಲ. ಅರ್ಜಿ ಹಿಡಿದು ಬಂದವರಿಗೆ ಕುರ್ಚಿಯ ಮೇಲಿನ ಚೀಲ ತೋರಿಸಿ ಜವಾನ, ‘ಸರ್ ಈಗ ಹೊರಗ ಹೋಗ್ಯಾರ್ರೀ’ ಎನ್ನುತ್ತಾನೆ. ಬೆಳಿಗ್ಗೆ ಇದರರ್ಥ ಇನ್ನೂ ಬಂದಿಲ್ಲ; ನಾಲ್ಕರ ಮೇಲೆ, ಇನ್ನು ಬರುವುದಿಲ್ಲ.

ಲೆಕ್ಕದಲ್ಲಿ ಸರ್‌ಗೆ ಲಾಭವೇನಿಲ್ಲ. ಮನೆ ಬಾಡಿಗೆ ಭತ್ಯೆ ಕೆಲಸದ ಊರಿನ ದರ್ಜೆಯಲ್ಲಿ ಬರುತ್ತದೆ, ಬಾಡಿಗೆ ಕಲಬುರಗಿಯ ದರದಲ್ಲಿ ಹೋಗುತ್ತದೆ. ಆದರೂ ಮನೆ ಬಿಡರು. ಮಕ್ಕಳ ಶಾಲೆ, ಕೋಚಿಂಗ್, ತಾಯಿಯ ದವಾಖಾನೆ ಎಲ್ಲ ಅಲ್ಲಿವೆ. ಸಿಮೆಂಟ್ ಕಾರ್ಖಾನೆಗಳು ಈ ಮರ್ಮವನ್ನು ಮೊದಲೇ ಅರಿತಿದ್ದವು. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಕಾರ್ಖಾನೆಗಳು ಹೊಗೆ ಕೊಳವೆಯ ಜೊತೆಗೆ ಕಾಲೊನಿಯನ್ನೂ ಕಟ್ಟಿದವು. ಅಧಿಕಾರಿಗಳು ಸಂಸಾರ ಸಮೇತ ಅಲ್ಲೇ ನಿಂತರು. ಸರ್ಕಾರ ಕಟ್ಟಿದ್ದು ಕಚೇರಿ; ಆದ್ದರಿಂದ ಕಚೇರಿ ವೇಳೆಗಷ್ಟೇ ಜನ ಸಿಗುತ್ತಾರೆ.

ಹೀಗಾಗಿ ತಾಲ್ಲೂಕು ಊರಿಗೆ ದಕ್ಕುವುದು ಸರ್ ಅವರ ಚಹಾ, ಮಿರ್ಚಿ ಭಜಿ, ಝೆರಾಕ್ಸಿನ ವ್ಯಾಪಾರ. ಸುಗ್ಗಿಯಲ್ಲಿ ಒಂದಿಷ್ಟು ಜೋಳ, ತೊಗರಿಬೇಳೆ. ಉಳಿದ ಪಗಾರ ಸಂಜೆಯ ಗಾಡಿಗೆ ಅವರೊಂದಿಗೇ ಕಲಬುರಗಿ ಸೇರಿ, ಸೇಡಂ ರಸ್ತೆಯ ಹೊಲಗಳಲ್ಲೆದ್ದ ಹೊಸ ಲೇಔಟಿನಲ್ಲಿ ಸಾಲದ ಕಂತಾಗುತ್ತದೆ. ಅಲ್ಲಿ ಮನೆ ಕಟ್ಟುವ ಗೌಂಡಿ ಮುಂಜಾನೆ ಎದುರು ಬಸ್ಸು ಹಿಡಿದು ನಗರಕ್ಕೆ ಬರುತ್ತಾನೆ. ಅವನ ಮಗಳು ಸರ್ ಪಾಠ ಹೇಳುವ ಶಾಲೆಯಲ್ಲಿರುತ್ತಾಳೆ. ಗೌಂಡಿ ಎಂಟಕ್ಕೇ ಕೆಲಸಕ್ಕೆ ಹಾಜರು. ಹತ್ತು ನಿಮಿಷ ತಡವಾದರೆ ಫೋನು ಮಾಡಿ ಶಿಸ್ತಿನ ಪಾಠ ಹೇಳುವವರೂ ಸರ್ ಅವರೇ.

ಈ ವರ್ಗ ಅಳಿಯುವ ಲಕ್ಷಣವಿಲ್ಲ. 2018ರ ಹೊತ್ತಿಗೆ ಶಹಾಬಾದ್, ಕಾಳಗಿಗಳೂ ತಾಲ್ಲೂಕುಗಳಾದವು. ಆಡಳಿತ ಜನರ ಮನೆ ಬಾಗಿಲಿಗೆ ಬರಲಿ ಎಂಬುದು ಅದರ ಉದ್ದೇಶ. ಬರುತ್ತದೆ, ಗಾಡಿ ಸರಿಯಾದ ಹೊತ್ತಿಗಿದ್ದರೆ ಹನ್ನೊಂದಕ್ಕೆ.