ಮಾಡು ಸೋರಿದರೆ ಯಾರಿಗೆ ಹೇಳೋಣ?

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಮಾಡಿನ ರಗಳೆ ಸರಳವಾಗಿತ್ತು: ಒಡೆದ ಹೆಂಚು ತೆಗೆ, ಹೊಸದು ಇಡು. ಈಗಿನ ತಗಡಿನ ಶೀಟು ಹಾಗಲ್ಲ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳಿದರೆ ಸಾಕು. ನೀರು ಅಲ್ಲಿ ಇಳಿದು, ಕಬ್ಬಿಣದ ಪೈಪಿನಗುಂಟ ಹರಿದು, ಎಲ್ಲೋ ಆಚೆ ದೇವರ ಕೋಣೆಯಲ್ಲಿ ಅಭಿಷೇಕ ಮಾಡುತ್ತದೆ. ತೂತು ಎಲ್ಲಿ, ತೊಟ್ಟಿಕ್ಕುವುದು ಎಲ್ಲಿ!

ಕಂಟ್ರಾಕ್ಟರಿಗೆ ಫೋನ್ ಮಾಡಿದರೆ, "ಮಳೆ ಓರೆಯಾಗಿ ಬಂದಿದೆ ಸರ್, ನೆಟ್ಟಗೆ ಬಂದಿದ್ರೆ ಸೋರ್ತಿರಲಿಲ್ಲ" ಅನ್ನುತ್ತಾನೆ. ಅವನ ಕಾರ್ಡಿನಲ್ಲಿ 'ಸಂಘದ ಸದಸ್ಯರು' ಎಂದು ದಪ್ಪಕ್ಷರದಲ್ಲಿದೆಯಲ್ಲ, ಅದನ್ನು ನಂಬಿ ಸಂಘಕ್ಕೆ ಹೋಗುತ್ತೀರಿ. ದೂರು ಕೇಳುವ ಸಮಿತಿಯ ಎಲ್ಲರೂ ಶೀಟು ಹಾಕುವವರೇ. ಚಹಾ ಮಾತ್ರ ಚೆನ್ನಾಗಿರುತ್ತದೆ. "ನಮ್ಮ ಸದಸ್ಯರು ಹಾಗೆ ಮಾಡೋರಲ್ಲ ಸ್ವಾಮಿ, ಚಂದಾ ಒಂದು ವರ್ಷವೂ ಬಾಕಿ ಇಟ್ಟಿಲ್ಲ!" ಹೆಚ್ಚೆಂದರೆ ಸದಸ್ಯತ್ವ ರದ್ದು, ಅಂದರೆ ವಾರ್ಷಿಕೋತ್ಸವದ ಊಟಕ್ಕೆ ಕರೆ ಇಲ್ಲ.

ಹಲ್ಲಿರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಕಾಯ್ದೆಯಂತೆ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ದುಡ್ಡು ಕೊಟ್ಟಿದ್ದಕ್ಕೆ ದಾಖಲೆ ಬೇಕಲ್ಲ! ಜಿಎಸ್‌ಟಿ ಉಳಿಯುತ್ತದೆಂದು ಆಗ ಕೈಗೆ ನಗದು ಕೊಟ್ಟವರು ಈಗ ಬಿಲ್ ಕೇಳಿದರೆ ಕಂಟ್ರಾಕ್ಟರ್ ತಣ್ಣಗೆ ಹೇಳುತ್ತಾನೆ: "ಬಿಲ್ಲಾ? ಕೊಡೋಣ ಸರ್, ಮಳೆ ಒಂಚೂರು ನಿಲ್ಲಲಿ."